ಪಿಎಲ್ 480: ಗೋಧಿಯ ಜೊತೆ ಏನೇನು ಬಂತು, ಏನೇನು ಹೋಯಿತು?

ಬಯಲುಸೀಮೆ:
ದಾವಣಗೆರೆ ಕಡೆಯವನು ನಾನು. ಮನೆಯಲ್ಲಿ ಮೆಕ್ಕೆಜೋಳ ಬೆಳೆಯುತ್ತೇವೆ. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಸರಕಿನ ಮೇಲೆ 50% ಸುಂಕ ಹಾಕಿತಲ್ಲ, ಅದರಲ್ಲಿ ಅರ್ಧ ರಷ್ಯಾದಿಂದ ತೈಲ ಕೊಂಡಿದ್ದಕ್ಕೆ ಅಂತಲೇ ಹೇಳಿ ಹಾಕಿದ್ದು. ಅದೇ ವರ್ಷ ವ್ಯಾಪಾರದ ಮಾತುಕತೆಯಲ್ಲಿ ಅವರ ಮೆಕ್ಕೆಜೋಳ, ಸೋಯಾಬೀನ್ ನಮ್ಮಲ್ಲಿಗೆ ಬರಲು ಬಿಡಿ ಅನ್ನುವ ಒತ್ತಡವೂ ಇತ್ತು. ಆವತ್ತಿನಿಂದ ನಮ್ಮೂರ ಹೋಟೆಲಿನಲ್ಲಿ ಇದೇ ಮಾತು. ಒಬ್ಬ ಹಿರಿಯರು "ಇದೇನು ಹೊಸದಲ್ಲ, ಅಮೆರಿಕದ ಗೋಧಿ ಬರುತ್ತಿದ್ದ ಪಿಎಲ್ 480 ಕಾಲದಲ್ಲೂ ಹೀಗೇ ಕುತ್ತಿಗೆ ಹಿಡಿದಿದ್ದರು" ಅಂದರು. ಅವರ ಪಕ್ಕ ಕೂತಿದ್ದವರು "ಆ ಗೋಧಿ ಬರದಿದ್ದರೆ ಎಷ್ಟು ಜನ ಹಸಿವಿನಿಂದ ಸಾಯ್ತಿದ್ದರು ಗೊತ್ತಾ" ಅಂತ ಜಗಳಕ್ಕೇ ಬಂದರು.

ನನಗೆ ಈ ಪಿಎಲ್ 480 ಬಗ್ಗೆ ಸರಿಯಾಗಿ ತಿಳಿದುಕೊಳ್ಳಬೇಕಿದೆ. ಶಾಲೆಯಲ್ಲಿ ಒಂದೇ ಸಾಲು ಓದಿದ್ದು, "ಭಾರತ ಆಹಾರಕ್ಕಾಗಿ ಅಮೆರಿಕವನ್ನು ಅವಲಂಬಿಸಿತ್ತು" ಅಂತ. ಅದು ದಾನವಾ, ಸಾಲವಾ, ವ್ಯಾಪಾರವಾ? ಅದರಿಂದ ನಮಗೆ ನಿಜವಾಗಿ ಆಗಿದ್ದೇನು? ಬಲ್ಲವರು ಬರೆಯಿರಿ.

ನಿವೃತ್ತಮೇಷ್ಟ್ರು:
ಒಳ್ಳೆಯ ಪ್ರಶ್ನೆ. ಮೊದಲು ಹಣದ ಲೆಕ್ಕ ಬಿಡಿಸಿಬಿಡೋಣ, ಯಾಕಂದರೆ ಗೊಂದಲ ಎಲ್ಲ ಇರುವುದು ಅಲ್ಲೇ.

1954ರ ಜುಲೈನಲ್ಲಿ ಐಸೆನ್‌ಹೋವರ್ ಸಹಿ ಹಾಕಿದ ಕಾನೂನು ಅದು. ಪಬ್ಲಿಕ್ ಲಾ 480. ಆಗ ಅಮೆರಿಕದ ಉಗ್ರಾಣಗಳಲ್ಲಿ ಧಾನ್ಯ ತುಂಬಿ ಹೋಗಿತ್ತು. ರೈತರಿಗೆ ಬೆಂಬಲ ಬೆಲೆ ಕೊಟ್ಟು ಕೊಂಡಿದ್ದು ಖಾಲಿ ಆಗಬೇಕಿತ್ತು. ಕೊಳ್ಳುವ ದೇಶಗಳ ಬಳಿ ಡಾಲರ್ ಇರಲಿಲ್ಲ. ಹಾಗಾಗಿ "ನಿಮ್ಮ ನಿಮ್ಮ ದುಡ್ಡಿನಲ್ಲೇ ಕೊಡಿ" ಅಂದರು. ಭಾರತದ ಮೊದಲ ಒಪ್ಪಂದ 1956ರ ಆಗಸ್ಟ್‌ನಲ್ಲಿ ಆಯಿತು. ದೊಡ್ಡದು 1960ರ ಮೇ ತಿಂಗಳದ್ದು. ಆಗಿನ ಆಹಾರ ಸಚಿವ ಎಸ್.ಕೆ. ಪಾಟೀಲರು ವಾಷಿಂಗ್ಟನ್‌ಗೆ ಹೋಗಿ ನಾಲ್ಕು ವರ್ಷಕ್ಕೆ 1.6 ಕೋಟಿ ಟನ್ ಗೋಧಿ, 10 ಲಕ್ಷ ಟನ್ ಅಕ್ಕಿಗೆ ಸಹಿ ಹಾಕಿ ಬಂದರು.

ನಾವು ಕೊಟ್ಟ ರೂಪಾಯಿ ಅಮೆರಿಕಕ್ಕೆ ಹೋಗಲಿಲ್ಲ. ಅದು ಭಾರತದಲ್ಲೇ ಅವರ ಹೆಸರಿನ ಖಾತೆಯಲ್ಲಿ ಉಳಿಯಿತು. ಅದರಲ್ಲಿ ಹೆಚ್ಚಿನ ಪಾಲು ಸಾಲವಾಗಿ, ಅನುದಾನವಾಗಿ ನಮ್ಮ ಸರ್ಕಾರಕ್ಕೇ ಮರಳಿ ಬಂತು, ಯೋಜನೆಗಳಿಗೆ ಖರ್ಚಾಯಿತು. ಒಂದು ಪಾಲು ಇಲ್ಲಿನ ಅವರ ರಾಯಭಾರ ಕಚೇರಿಯ ಖರ್ಚಿಗೆ. ಇನ್ನೊಂದು ಸಣ್ಣ ಪಾಲು ಅಮೆರಿಕದ ಕಂಪನಿಗಳ ಜೊತೆ ಸೇರಿ ಇಲ್ಲಿ ಉದ್ಯಮ ಮಾಡುವವರಿಗೆ ಸಾಲ. ಆದರೂ ರೂಪಾಯಿ ರಾಶಿ ಬೆಳೆಯುತ್ತಲೇ ಹೋಯಿತು. ಒಂದು ಬೇರೆ ದೇಶ ನಮ್ಮ ನೆಲದಲ್ಲಿ ಅಷ್ಟು ರೂಪಾಯಿ ಇಟ್ಟುಕೊಂಡಿರುವುದು ದೆಹಲಿಗೆ ದೊಡ್ಡ ತಲೆನೋವಾಯಿತು. ಕೊನೆಗೆ 1974ರ ಫೆಬ್ರವರಿಯಲ್ಲಿ ರಾಯಭಾರಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ 1,664 ಕೋಟಿ ರೂಪಾಯಿಯ ಒಂದೇ ಚೆಕ್ ಬರೆದು ಭಾರತಕ್ಕೆ ವಾಪಸ್ ಕೊಟ್ಟರು. ಅಷ್ಟು ದೊಡ್ಡ ಚೆಕ್ ಅಂತ ಅದು ದಾಖಲೆಗೂ ಸೇರಿತು.

ಹಾಗಾಗಿ ಪೂರ್ತಿ ದಾನ ಅನ್ನುವುದೂ ತಪ್ಪು, ಪೂರ್ತಿ ವ್ಯಾಪಾರ ಅನ್ನುವುದೂ ತಪ್ಪು. ಅವರಿಗೆ ಧಾನ್ಯ ಖಾಲಿಯಾಗಬೇಕಿತ್ತು, ನಮಗೆ ಹೊಟ್ಟೆ ತುಂಬಬೇಕಿತ್ತು.

ರಾಗಿಮುದ್ದೆ:
ಮೇಷ್ಟ್ರೇ, ಲೆಕ್ಕ ಸರಿಯಾಗಿದೆ. ಆದರೆ ನೀವು ಹೇಳಿದ ರೀತಿ ಕೇಳಿದರೆ ಇಬ್ಬರಿಗೂ ಲಾಭ ಆಯ್ತು ಅಂತ ಅನಿಸುತ್ತೆ. ಹಾಗಲ್ಲ. 1965 ಮತ್ತು 66ರಲ್ಲಿ ಏನಾಯಿತು ಅನ್ನೋದನ್ನೂ ಹೇಳಬೇಕು.

ಎರಡು ವರ್ಷ ಸತತ ಬರ. ಬಿಹಾರದಲ್ಲಿ ಕ್ಷಾಮ. ಅದೇ ಹೊತ್ತಿಗೆ ಅಧ್ಯಕ್ಷ ಜಾನ್ಸನ್ ವರ್ಷಗಟ್ಟಲೆ ಒಪ್ಪಂದ ಮಾಡುವುದನ್ನೇ ನಿಲ್ಲಿಸಿದರು. ಒಂದೆರಡು ತಿಂಗಳಿಗೆ ಆಗುವಷ್ಟು ಮಾತ್ರ ಮಂಜೂರು. ಮುಂದಿನ ಹಡಗು ಹೊರಡುತ್ತೋ ಇಲ್ಲವೋ ಅನ್ನುವುದು ವೈಟ್ ಹೌಸಿನಲ್ಲಿ ಕೂತ ಒಬ್ಬರ ಮನಸ್ಸಿನ ಮೇಲೆ ನಿಂತಿತ್ತು. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದ್ದು ಅವರಿಗೆ ಹಿಡಿಸಿರಲಿಲ್ಲ. ನಮ್ಮ ಬಂದರಿನಲ್ಲಿ ಇಳಿದ ಧಾನ್ಯ ನೇರವಾಗಿ ರೇಷನ್ ಅಂಗಡಿಗೆ ಹೋಗುತ್ತಿತ್ತು, ಉಗ್ರಾಣ ಖಾಲಿ. ಅಂಥ ಸ್ಥಿತಿಯಲ್ಲಿ 1966ರ ಮಾರ್ಚ್‌ನಲ್ಲಿ ಇಂದಿರಾ ಗಾಂಧಿ ವಾಷಿಂಗ್ಟನ್‌ಗೆ ಹೋದರು. ಜೂನ್ 6ಕ್ಕೆ ರೂಪಾಯಿ ಅಪಮೌಲ್ಯ. ಡಾಲರಿಗೆ 4.76 ಇದ್ದದ್ದು 7.50 ಆಯಿತು. ಅಪಮೌಲ್ಯಕ್ಕೆ ಬೇರೆ ಕಾರಣಗಳೂ ಇದ್ದವು, ವಿಶ್ವಬ್ಯಾಂಕಿನ ಒತ್ತಾಯವೂ ಇತ್ತು. ಆದರೆ ಹಸಿದ ದೇಶಕ್ಕೆ ಆಗಲ್ಲ ಅನ್ನುವ ಶಕ್ತಿ ಎಲ್ಲಿರುತ್ತೆ?

ಅದಕ್ಕಿಂತ ಮುಂಚೆ, 1965ರ ಯುದ್ಧದ ಹೊತ್ತಲ್ಲಿ, ಪ್ರಧಾನಿ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಅಂತ ಕೇಳಿಕೊಂಡಿದ್ದರು. ಸೋಮವಾರ ರಾತ್ರಿ ಹೋಟೆಲುಗಳು ಮುಚ್ಚುತ್ತಿದ್ದವು. ನಮ್ಮ ಮನೆಯ ಹಿರಿಯರು ಅದನ್ನು ಶಾಸ್ತ್ರಿಯವರು ಹೋದ ಮೇಲೂ ಬಿಡಲಿಲ್ಲ. ಆ ಅವಮಾನ ಅವರಿಗೆ ಅಷ್ಟು ನಾಟಿತ್ತು.

ಕೋಲಾರದಕ್ಕ:
ರಾಗಿಮುದ್ದೆ ಅವರೇ, ನಿಮ್ಮ ಸಿಟ್ಟು ಅರ್ಥ ಆಗುತ್ತೆ. ಆದರೆ ನಾನು ಆ ಉಪ್ಪಿಟ್ಟು ತಿಂದು ಬೆಳೆದವಳು. ಅದನ್ನೂ ಇಲ್ಲಿ ಬರೆಯಲೇಬೇಕು.

ನಮ್ಮ ಶಾಲೆಗೆ ಕೇರ್ ಅನ್ನುವ ಅಮೆರಿಕದ ನೆರವಿನ ಸಂಸ್ಥೆಯ ಮೂಟೆಗಳು ಬರುತ್ತಿದ್ದವು. ಮೂಟೆ ಮೇಲೆ ಎರಡು ಕೈ ಕುಲುಕುವ ಚಿತ್ರ. ಗೋಧಿ ನುಚ್ಚು, ಹಾಲಿನ ಪುಡಿ, ಡಬ್ಬದಲ್ಲಿ ಎಣ್ಣೆ. ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಕೆದಕುವಾಗ ಬರುವ ವಾಸನೆಗೆ ಕೊನೆಯ ಪಾಠ ಯಾರ ತಲೆಗೂ ಹೋಗುತ್ತಿರಲಿಲ್ಲ. ಮನೆಯಲ್ಲಿ ಒಂದು ಹೊತ್ತು ಅಂಬಲಿ ಇದ್ದ ಕಾಲ ಅದು. ಎಷ್ಟೋ ಹುಡುಗಿಯರನ್ನು ಮನೆಯವರು ಶಾಲೆಗೆ ಕಳಿಸುತ್ತಿದ್ದದ್ದೇ ಆ ಉಪ್ಪಿಟ್ಟಿಗಾಗಿ. ನಾನೂ ಅವರಲ್ಲೊಬ್ಬಳು. ಅಕ್ಷರ ಕಲಿತೆ, ಟೀಚರ್ ಆದೆ.

ರೇಷನ್ನಿನಲ್ಲಿ ಬಂದ ಕೆಂಪು ಜೋಳವನ್ನು ಮಾತ್ರ ಯಾರೂ ಇಷ್ಟಪಡಲಿಲ್ಲ. ಮೈಲೋ ಅನ್ನುತ್ತಿದ್ದರು. ಮುದ್ದೆಗೂ ಒಗ್ಗಲ್ಲ, ರೊಟ್ಟಿಗೂ ಒಗ್ಗಲ್ಲ. ಅಮೆರಿಕದಲ್ಲಿ ಅದು ದನಕ್ಕೆ ಹಾಕುವುದು ಅಂತ ದೊಡ್ಡವರು ಬೇಸರದಿಂದ ಹೇಳುತ್ತಿದ್ದರು. ಆದರೂ ತಿಂದೆವು.

ನಿವೃತ್ತಮೇಷ್ಟ್ರು:
ಅಕ್ಕಾ, ನೀವು ಹೇಳಿದ್ದು ಮುಖ್ಯವಾದ ವಿಷಯ. ಕೇರ್ ಮೂಲಕ ಶಾಲೆಗೆ ಬಂದಿದ್ದು ಆ ಕಾನೂನಿನ ದಾನದ ಭಾಗದ ಅಡಿಯಲ್ಲಿ. ಅದು ನಿಜವಾಗಿಯೂ ಉಚಿತ. ರೇಷನ್ ಅಂಗಡಿಗೆ ಬಂದದ್ದು ಮೊದಲನೇ ಭಾಗದ್ದು, ರೂಪಾಯಿಗೆ ಮಾರಿದ್ದು. ಜಾನ್ಸನ್ ಬಿಗಿ ಹಿಡಿದಿದ್ದು ಮುಖ್ಯವಾಗಿ ಈ ಮಾರುವ ಧಾನ್ಯವನ್ನು. 1966ರಲ್ಲಿ ಭಾರತ ಹೊರಗಿನಿಂದ ತರಿಸಿದ ಆಹಾರ ಧಾನ್ಯ 1 ಕೋಟಿ ಟನ್ ದಾಟಿತ್ತು. ಅದರಲ್ಲಿ ಬಹುಪಾಲು ಅಮೆರಿಕದ್ದೇ.

ಇನ್ನೊಂದು ಮಾತು. ಈ ಕಾನೂನು ನಮಗೊಬ್ಬರಿಗೇ ಅಲ್ಲ. ಪಾಕಿಸ್ತಾನ, ದಕ್ಷಿಣ ಕೊರಿಯಾ, ಇಂಡೊನೇಷ್ಯಾ, ಜಪಾನ್ ಎಲ್ಲರೂ ತೆಗೆದುಕೊಂಡರು. ಜಪಾನಿನಲ್ಲಿ ಅಮೆರಿಕದ ಗೋಧಿ ಬೆಳೆಗಾರರ ಸಂಘದ ನೆರವಿನಿಂದ ಅಡುಗೆ ಬಸ್ಸುಗಳು ಹಳ್ಳಿ ಹಳ್ಳಿ ಸುತ್ತಿ, ಅನ್ನ ಉಣ್ಣುವವರಿಗೆ ಗೋಧಿ ತಿಂಡಿ ಮಾಡುವುದನ್ನು ಕಲಿಸಿದವು. ಕಾನೂನಿನಲ್ಲೇ ಹೊಸ ಮಾರುಕಟ್ಟೆ ಬೆಳೆಸುವುದು ಅಂತ ಒಂದು ಉದ್ದೇಶ ಬರೆದಿತ್ತು. ಜಪಾನ್ ಮುಂದೆ ನಗದು ಕೊಟ್ಟು ಕೊಳ್ಳುವ ದೊಡ್ಡ ಗಿರಾಕಿ ಆಯಿತು.

ಹೆಬ್ಬಾಳದಹಳಬ:
ಜಪಾನಿನ ಮಾತು ಬಂತಲ್ಲ, ನಾನು ಬರೆಯಬೇಕೆಂದಿದ್ದ ವಿಷಯ ಅಲ್ಲಿಂದಲೇ ಶುರುವಾಗುತ್ತೆ. ಹೆಬ್ಬಾಳದಲ್ಲಿ ಕೃಷಿ ಓದಿದವನು ನಾನು. ಉದ್ದವಾಗುತ್ತೆ, ತಾಳ್ಮೆಯಿಂದ ಓದಿ.

ಹಸಿರು ಕ್ರಾಂತಿ ಅಂದರೆ ಎಲ್ಲರೂ ಮೆಕ್ಸಿಕೋ ಗೋಧಿ, ಅದನ್ನು ಮಾಡಿದ ಅಮೆರಿಕದ ವಿಜ್ಞಾನಿ ಬೋರ್ಲಾಗ್ ಅಂತ ಹೇಳಿ ಮುಗಿಸುತ್ತಾರೆ. ಆ ಗೋಧಿ ಗಿಡ್ಡವಾಗಿದ್ದದ್ದು ಯಾಕೆ? ಹಳೆಯ ಎತ್ತರದ ತಳಿಗೆ ಗೊಬ್ಬರ ಜಾಸ್ತಿ ಹಾಕಿದರೆ ತೆನೆ ಭಾರಕ್ಕೆ ಪೈರು ನೆಲಕ್ಕೆ ಮಲಗಿಬಿಡುತ್ತೆ. ಕಾಂಡ ಗಿಡ್ಡ ಇದ್ದರೆ ನಿಲ್ಲುತ್ತೆ, ಗೊಬ್ಬರ ಕಾಳಿಗೆ ಹೋಗುತ್ತೆ. ಆ ಗಿಡ್ಡತನ ಬಂದಿದ್ದು ಜಪಾನಿನ ನೊರಿನ್ 10 ಅನ್ನುವ ತಳಿಯಿಂದ. ಗೊಂಜಿರೊ ಇನಾಝುಕಾ ಅನ್ನುವ ತಳಿ ವಿಜ್ಞಾನಿ ಅದನ್ನು ಮಾಡಿದ್ದು, 1935ರಲ್ಲಿ ಅದು ನೋಂದಣಿಯಾಯಿತು. ಅದರ ವಂಶ ನೋಡಿದರೆ ಜಪಾನಿನ ದರುಮಾ ಇದೆ, ಜೊತೆಗೆ ಫುಲ್ಟ್ಜ್ ಮತ್ತು ಟರ್ಕಿ ರೆಡ್ ಅನ್ನುವ ಎರಡು ಅಮೆರಿಕದ ಗೋಧಿಗಳೂ ಇವೆ. ಅಂದರೆ ಮೊದಲೇ ಒಂದು ಸಲ ಬೀಜ ಅಮೆರಿಕದಿಂದ ಏಷ್ಯಾಕ್ಕೆ ಹೋಗಿತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆ ಜಪಾನಿನಲ್ಲಿತ್ತು. ಅವರ ಜೊತೆ ಇದ್ದ ಕೃಷಿ ತಜ್ಞ ಸೆಸಿಲ್ ಸಾಲ್ಮನ್ 1946ರಲ್ಲಿ ಈ ಗಿಡ್ಡ ಗೋಧಿಯನ್ನು ನೋಡಿ ಬೀಜ ಕಳಿಸಿದರು. ವಾಷಿಂಗ್ಟನ್ ರಾಜ್ಯದ ಪುಲ್‌ಮನ್‌ನಲ್ಲಿ ಆರ್ವಿಲ್ ವೊಗೆಲ್ ಅದನ್ನು ಅಲ್ಲಿನ ತಳಿಗಳ ಜೊತೆ ಕೂಡಿಸಿದರು. ವೊಗೆಲ್ ಕೊಟ್ಟ ಬೀಜ 1950ರ ದಶಕದಲ್ಲಿ ಮೆಕ್ಸಿಕೋದಲ್ಲಿದ್ದ ಬೋರ್ಲಾಗ್ ಕೈಗೆ ಬಂತು. ಅವರು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ಯೋಜನೆಯಲ್ಲಿ ತುಕ್ಕು ರೋಗ ತಡೆಯುವ ಗೋಧಿ ಮಾಡುತ್ತಿದ್ದರು. ಬೇಸಿಗೆಯಲ್ಲಿ ಒಂದು ಕಡೆ, ಚಳಿಗಾಲದಲ್ಲಿ ಇನ್ನೊಂದು ಕಡೆ, ವರ್ಷಕ್ಕೆ ಎರಡು ಬೆಳೆ ತೆಗೆದು ಕೆಲಸ ಬೇಗ ಮುಗಿಸುತ್ತಿದ್ದರು. ಎರಡು ಹವೆಯಲ್ಲೂ ಬೆಳೆದ ಆ ಗೋಧಿ ದೂರದ ಪಂಜಾಬಿಗೂ ಹೊಂದಿಕೊಂಡಿತು.

1965ರಲ್ಲಿ ನೂರಾರು ಟನ್ ಬೀಜ ಮೆಕ್ಸಿಕೋದಿಂದ ಲಾರಿಗಳಲ್ಲಿ ಹೊರಟು ಲಾಸ್ ಏಂಜಲೀಸ್ ಬಂದರಿಗೆ ಬರಬೇಕಿತ್ತು. ಅದೇ ಹೊತ್ತಿಗೆ ಆ ಊರಿನ ವಾಟ್ಸ್ ಬಡಾವಣೆಯಲ್ಲಿ ಗಲಭೆ. ದಾರಿ ಬಂದ್. ಹೇಗೋ ಹಡಗು ಹತ್ತಿಸಿದರೆ ಭಾರತ ಪಾಕಿಸ್ತಾನ ಯುದ್ಧ ಶುರುವಾಯಿತು. ಆ ಬೀಜ ಹೋಗುತ್ತಿದ್ದದ್ದು ಎರಡೂ ದೇಶಕ್ಕೆ! ಬಂದ ಮೇಲೆ ನೋಡಿದರೆ ಮೊಳಕೆಯೇ ಸರಿಯಾಗಿ ಬರಲಿಲ್ಲ, ಹುಳ ಸಾಯಿಸುವ ಹೊಗೆ ಹೆಚ್ಚಾಗಿ ಕೆಟ್ಟಿತ್ತು. ಬೀಜ ಜಾಸ್ತಿ ಹಾಕಿ ಬಿತ್ತಿದರು, ಆದರೂ ಬೆಳೆ ಒಳ್ಳೆಯದೇ ಬಂತು. 1966ರಲ್ಲಿ ಭಾರತ 18,000 ಟನ್ ಬೀಜ ತರಿಸಿತು. ಲರ್ಮಾ ರೋಹೊ, ಸೊನೋರಾ 64. ಬೀಜಕ್ಕಾಗಿ ಅಷ್ಟು ವಿದೇಶಿ ವಿನಿಮಯ ಖರ್ಚು ಮಾಡುವುದಕ್ಕೆ ವಿರೋಧ ಇತ್ತು. ಆಗಿನ ಆಹಾರ ಮತ್ತು ಕೃಷಿ ಸಚಿವ ಸಿ. ಸುಬ್ರಹ್ಮಣ್ಯಂ ಪಟ್ಟು ಹಿಡಿದರು.

ಮೆಕ್ಸಿಕೋ ಗೋಧಿಯ ಕಾಳು ಕೆಂಪು. ನಮ್ಮವರಿಗೆ ಚಪಾತಿಗೆ ಬೇಕಾದ್ದು ಬಂಗಾರದ ಬಣ್ಣದ್ದು. ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಮತ್ತು ಅವರ ಸಂಗಡಿಗರು ಇಲ್ಲಿ ಆರಿಸಿ, ತಿದ್ದಿ ಕಲ್ಯಾಣ್ ಸೋನಾ, ಸೋನಾಲಿಕಾ ಮಾಡಿದರು. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದರೆ ಬೀಜ ಸಿದ್ಧವಾಗಿ ಬಂದು ಬಿತ್ತಿಬಿಟ್ಟೆವು ಅನ್ನುವ ಕಥೆ ಸುಳ್ಳು. 1964-65ರಲ್ಲಿ ಸುಮಾರು 1.2 ಕೋಟಿ ಟನ್ ಇದ್ದ ಗೋಧಿ 1967-68ಕ್ಕೆ 1.6 ಕೋಟಿ ಟನ್ ದಾಟಿತು.

ಅಕ್ಕಿಯದೂ ಇಂಥದ್ದೇ ಕಥೆ. ಫೋರ್ಡ್, ರಾಕ್‌ಫೆಲ್ಲರ್ ಪ್ರತಿಷ್ಠಾನಗಳ ದುಡ್ಡಿನಿಂದ 1960ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಭತ್ತದ ಸಂಶೋಧನಾ ಸಂಸ್ಥೆ ಶುರುವಾಯಿತು. ಇಂಡೊನೇಷ್ಯಾದ ಪೇಟಾ ಮತ್ತು ತೈವಾನಿನ ಒಂದು ಗಿಡ್ಡ ಭತ್ತ ಕೂಡಿಸಿ ಐಆರ್ 8 ಆಯಿತು. ಮಂಡ್ಯದ ಹಳೆಯ ರೈತರನ್ನು ಕೇಳಿ, ಐಆರ್ ಎಂಟು ಅಂದರೆ ಈಗಲೂ ಗೊತ್ತು.

ಬಯಲುಸೀಮೆ:
ಸರ್, ಇದು ನನಗೆ ಪೂರ್ತಿ ಹೊಸದು. ಹಾಗಾದರೆ ಗೋಧಿ ಕೊಟ್ಟವರೇ ಗೋಧಿ ಬೆಳೆಯುವುದನ್ನೂ ಕಲಿಸಿದರಾ? ಅವರಿಗೆ ಗಿರಾಕಿ ಕಳೆದುಹೋಗಲ್ವಾ?

ನಿವೃತ್ತಮೇಷ್ಟ್ರು:
ಅಲ್ಲೇ ಇರುವುದು ರಾಜಕೀಯ. 1965ರ ನವೆಂಬರ್‌ನಲ್ಲಿ ರೋಮ್‌ನಲ್ಲಿ ಸುಬ್ರಹ್ಮಣ್ಯಂ ಮತ್ತು ಅಮೆರಿಕದ ಕೃಷಿ ಸಚಿವ ಆರ್ವಿಲ್ ಫ್ರೀಮನ್ ಗುಟ್ಟಾಗಿ ಒಂದು ಒಪ್ಪಂದ ಮಾಡಿಕೊಂಡರು. ಭಾರತ ಕೃಷಿಗೆ ಜಾಸ್ತಿ ದುಡ್ಡು ಹಾಕಬೇಕು, ಗೊಬ್ಬರದ ಉದ್ಯಮಕ್ಕೆ ಖಾಸಗಿಯವರನ್ನು ಬಿಡಬೇಕು. ಹಾಗೆ ಮಾಡಿದರೆ ಧಾನ್ಯ ಬರುತ್ತೆ. ಜಾನ್ಸನ್ ಬಿಗಿ ಹಿಡಿದಿದ್ದಕ್ಕೆ ಅವರ ಕಡೆಯವರು ಕೊಟ್ಟ ಕಾರಣವೂ ಇದೇ. ಆದರೆ ಸುಬ್ರಹ್ಮಣ್ಯಂ ಅದನ್ನೆಲ್ಲ ಮೊದಲೇ ಮಾಡಬೇಕೆಂದಿದ್ದರು. ಹೊರಗಿನ ಒತ್ತಡ ಅವರಿಗೆ ದೆಹಲಿಯ ಒಳಗಿನ ವಿರೋಧ ಮುರಿಯಲು ಸಹಾಯಕ್ಕೆ ಬಂತು. ನಾನು ಇದನ್ನು ಅಮೆರಿಕದ ಉಪಕಾರ ಅನ್ನಲ್ಲ. ನಮ್ಮವರು ಕಷ್ಟದ ಹೊತ್ತನ್ನು ಸರಿಯಾಗಿ ಬಳಸಿಕೊಂಡರು ಅನ್ನುತ್ತೇನೆ.

ನವಲಗುಂದ ನೇಗಿಲು:
ಹೆಬ್ಬಾಳದ ಸರ್ ಗೋಧಿ, ಭತ್ತ ಹೇಳಿದರು. ನಮ್ಮ ಕಡೆ ಬಂದಿದ್ದು ಹೈಬ್ರಿಡ್ ಜೋಳ. 1964ರಲ್ಲಿ ಬಿಡುಗಡೆಯಾದ ಸಿಎಸ್‌ಎಚ್ 1. ಅದರ ತಾಯಿ ತಳಿ ಅಮೆರಿಕದ್ದು. ರಾಕ್‌ಫೆಲ್ಲರ್‌ನವರು ಇಲ್ಲಿನ ವಿಜ್ಞಾನಿಗಳ ಜೊತೆ ಸೇರಿ ಮಾಡಿದ್ದು. ಇಳುವರಿ ಹೆಚ್ಚಾಯಿತು, ಸುಳ್ಳು ಹೇಳಲ್ಲ. ಬರಗಾಲದಲ್ಲಿ ಹೈಬ್ರಿಡ್ ಜೋಳ ತಿಂದು ಬದುಕಿದ ಮನೆಗಳು ಬಹಳ ಇವೆ.

ಆದರೆ ಕಣಿಕೆ ಗಿಡ್ಡ. ದನಕ್ಕೆ ಮೇವು ಕಡಿಮೆ. ಕಾಳು ಮಳೆಗೆ ಸಿಕ್ಕರೆ ಬೂಸ್ಟು ಹಿಡಿಯುತ್ತೆ. ರೊಟ್ಟಿ ಬಿಳಿಜೋಳದ ಹಾಗೆ ಬರಲ್ಲ, ಬಡಿಯುವಾಗಲೇ ಬಿರಿಯುತ್ತೆ. ಪ್ರತಿ ವರ್ಷ ಬೀಜ ಹೊಸದಾಗಿ ಕೊಳ್ಳಬೇಕು. ಮೊದಲು ಮನೆಯ ಹಗೇವಿನಿಂದ ಬೀಜ ತೆಗೆಯುತ್ತಿದ್ದೆವು. ಎತ್ತು ಕಡಿಮೆಯಾಗಿದ್ದಕ್ಕೆ ಟ್ರ್ಯಾಕ್ಟರ್ ಒಂದೇ ಕಾರಣ ಅಂತಾರೆ, ಮೇವೂ ಒಂದು ಕಾರಣ ಅಂತ ನಾನು ಅನ್ನುತ್ತೇನೆ. ಟನ್ ಲೆಕ್ಕ ಹಾಕುವವರು ಕಾಳನ್ನು ಮಾತ್ರ ತೂಗಿದರು.

ಹೆಬ್ಬಾಳದಹಳಬ:
ಅಣ್ಣಾ, ಈ ಮಾತು ನಾನು ಪೂರ್ತಿ ಒಪ್ಪುತ್ತೇನೆ. ಗೋಧಿಯಲ್ಲೂ ಇದೇ ದೂರು ಇತ್ತು. ರಾಗಿ, ನವಣೆ, ಸಾಮೆಗೆ ಆ ಕಾಲದಲ್ಲಿ ಇದರ ಹತ್ತನೇ ಒಂದು ಪಾಲು ಗಮನವೂ ಸಿಗಲಿಲ್ಲ ಅನ್ನೋದು ನನ್ನ ಬಹಳ ದಿನದ ನೋವು.

ಓದಿನ ವಿಷಯ ಯಾರೂ ಬರೆದಿಲ್ಲ, ನಾನೇ ಬರೆಯುತ್ತೇನೆ. ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಕಲ್ಪನೆಯೇ ಅಮೆರಿಕದ್ದು. ಅಲ್ಲಿ 1862ರ ಕಾನೂನಿನಿಂದ ಸರ್ಕಾರ ಜಮೀನು ಕೊಟ್ಟು ಬೆಳೆಸಿದ ವಿಶ್ವವಿದ್ಯಾಲಯಗಳಿವೆ. ಪಾಠ, ಸಂಶೋಧನೆ, ರೈತರ ಹೊಲಕ್ಕೆ ಹೋಗಿ ಹೇಳಿಕೊಡುವುದು, ಮೂರೂ ಒಂದೇ ಕಡೆ. ಅದೇ ಮಾದರಿಯಲ್ಲಿ 1960ರಲ್ಲಿ ಪಂತ್‌ನಗರ ಶುರುವಾಯಿತು, ಇಲಿನಾಯ್ ವಿಶ್ವವಿದ್ಯಾಲಯದ ಜೊತೆ. ಲುಧಿಯಾನಕ್ಕೆ ಓಹಾಯೊ ಸ್ಟೇಟ್. ನಮ್ಮ ಬೆಂಗಳೂರಿಗೆ 1964ರಲ್ಲಿ ಟೆನ್ನೆಸ್ಸೀ. ಕೆ.ಸಿ. ನಾಯಕ್ ಮೊದಲ ಕುಲಪತಿ. ಟೆನ್ನೆಸ್ಸೀಯ ಪ್ರಾಧ್ಯಾಪಕರು ಇಲ್ಲಿಗೆ ಬಂದರು, ನಮ್ಮವರು ಅಲ್ಲಿಗೆ ಹೋಗಿ ಓದಿ ಬಂದರು. ವರ್ಷಕ್ಕೊಂದು ದೊಡ್ಡ ಪರೀಕ್ಷೆ ಹೋಗಿ, ಪಾಠ ಮಾಡಿದವರೇ ಪರೀಕ್ಷೆ ಮಾಡಿ ಅಂಕ ಕೊಡುವ ಪದ್ಧತಿ ಬಂತು. ಧಾರವಾಡದ ಕೃಷಿ ಕಾಲೇಜೂ ಆಗ ಇದರ ಅಡಿಯಲ್ಲೇ ಇತ್ತು, 1986ರಲ್ಲಿ ಅದು ಬೇರೆ ವಿಶ್ವವಿದ್ಯಾಲಯವಾಯಿತು. ಕಾನ್ಪುರದ ಐಐಟಿಗೂ 1962ರಿಂದ ಹತ್ತು ವರ್ಷ ಎಂಐಟಿ, ಬರ್ಕ್ಲಿ ಸೇರಿ ಒಂಬತ್ತು ಅಮೆರಿಕದ ಸಂಸ್ಥೆಗಳು ಜೊತೆ ನಿಂತಿದ್ದವು.

ಶೃಂಗೇರಿ ಅಡಿಕೆ:
ಅಮೆರಿಕ ಖಂಡ ಅಂದರೆ ಬರೀ ಯುನೈಟೆಡ್ ಸ್ಟೇಟ್ಸ್ ಅಲ್ಲ ಅನ್ನೋದು ನೆನಪಿರಲಿ. ಹೆಬ್ಬಾಳದ ಕಥೆ ಟೆನ್ನೆಸ್ಸೀಗಿಂತ ಎಷ್ಟೋ ಹಿಂದೆ, ಕೆನಡಾದಿಂದ ಶುರುವಾಗುತ್ತೆ. ಲೆಸ್ಲಿ ಕೋಲ್ಮನ್. ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಹೆಬ್ಬಾಳದ ಕೃಷಿ ಶಾಲೆ 1913ರಲ್ಲಿ ಶುರುವಾಗಿದ್ದು ಅವರಿಂದ. 1934ರವರೆಗೆ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದರು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಮಂಡ್ಯದ ಸಕ್ಕರೆ ಕಾರ್ಖಾನೆ, ಎರಡರ ಹಿಂದೆಯೂ ಅವರ ದುಡಿಮೆ ಇದೆ.

ಮಲೆನಾಡಿನ ಅಡಿಕೆ ಬೆಳೆಗಾರರಿಗಂತೂ ಅವರ ಋಣ ದೊಡ್ಡದು. ಕೊಳೆರೋಗ ಬಂದರೆ ಆ ವರ್ಷದ ಫಸಲೇ ಇಲ್ಲ. ಮಳೆ ತಾಗದ ಹಾಗೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುವುದು ಬಿಟ್ಟರೆ ಬೇರೆ ದಾರಿ ಗೊತ್ತಿರಲಿಲ್ಲ. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಹೊಡೆದು ತೋರಿಸಿದ್ದು ಕೋಲ್ಮನ್. ಮಳೆಗಾಲಕ್ಕೆ ಮುಂಚೆ ನಮ್ಮ ಕೊನೆಗಾರರು ಇವತ್ತಿಗೂ ಮರ ಹತ್ತಿ ಅದನ್ನೇ ಹೊಡೆಯುತ್ತಾರೆ. ಆಗ ಅವರನ್ನು ಕರೆಸಿದ್ದು ಸಂಸ್ಥಾನ, ಸಂಬಳ ಕೊಟ್ಟಿದ್ದೂ ಸಂಸ್ಥಾನ. ಯಾರ ಷರತ್ತೂ ಇರಲಿಲ್ಲ. ನನಗೆ ಇದು ಪಿಎಲ್ 480ಗಿಂತ ಒಳ್ಳೆಯ ಮಾದರಿ ಅನಿಸುತ್ತೆ.

ರಾಗಿಮುದ್ದೆ:
ಇದನ್ನು ಓದಿ ಖುಷಿಯಾಯಿತು. ತಜ್ಞರನ್ನು ನಾವೇ ಕರೆಸಿಕೊಳ್ಳುವುದು ಬೇರೆ, ಧಾನ್ಯಕ್ಕೆ ಕೈ ಚಾಚುವುದು ಬೇರೆ.

ಅಂದಹಾಗೆ ಪಾರ್ಥೇನಿಯಂ ಕಳೆ ಬಂದಿದ್ದೂ ಆ ಗೋಧಿ ಮೂಟೆಗಳ ಜೊತೆಗೇ ಅಲ್ವಾ? ಮೈ ಕೆರೆತ, ಉಬ್ಬಸ, ಹೊಲ ಹಾಳು. ಅದನ್ನೂ ಲೆಕ್ಕಕ್ಕೆ ಸೇರಿಸಿ.

ಹೆಬ್ಬಾಳದಹಳಬ:
ಹಾಗಂತ ಎಲ್ಲರೂ ಹೇಳುತ್ತಾರೆ. ತಾರೀಖು ನೋಡಿದರೆ ಅಷ್ಟು ಸುಲಭ ಅಲ್ಲ. ಪುಣೆಯಲ್ಲಿ ಅದನ್ನು ಗುರುತಿಸಿದ್ದು 1955ರ ಸುಮಾರಿಗೆ. ಪಿಎಲ್ 480ರ ಮೊದಲ ಒಪ್ಪಂದ 1956ರ ಆಗಸ್ಟ್. ಅದಕ್ಕೂ ಹಿಂದೆ, 1951ರಲ್ಲಿ, ಅಮೆರಿಕ ಸಾಲವಾಗಿ 20 ಲಕ್ಷ ಟನ್ ಗೋಧಿ ಕೊಟ್ಟಿತ್ತು, ಅದರಲ್ಲಿ ಬಂದಿರಬಹುದು. 19ನೇ ಶತಮಾನದ ಆರಂಭದಲ್ಲೇ ಇದು ಭಾರತದಲ್ಲಿತ್ತು ಅಂತ ಹಳೆಯ ಸಸ್ಯಪಟ್ಟಿ ತೋರಿಸುವವರೂ ಇದ್ದಾರೆ. ಹೊರಗಿನ ಧಾನ್ಯದ ಜೊತೆ ಹರಡಿರುವುದು ಸಾಧ್ಯ, ಆದರೆ ಆ ಒಂದೇ ಕಾನೂನಿನ ತಲೆಗೆ ಕಟ್ಟಬೇಡಿ.

ಅದರ ಮದ್ದು ಬಂದಿದ್ದೂ ಆ ಕಡೆಯಿಂದಲೇ. ಪಾರ್ಥೇನಿಯಂ ಎಲೆ ತಿನ್ನುವ ಜೈಗೋಗ್ರಾಮಾ ಅನ್ನುವ ದುಂಬಿಯನ್ನು 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತಂದರು. ಪರೀಕ್ಷೆ ಮಾಡಿ 1984ರಲ್ಲಿ ಬಯಲಿಗೆ ಬಿಟ್ಟರು. ಮಧ್ಯೆ ಅದು ಸೂರ್ಯಕಾಂತಿಯನ್ನೂ ತಿನ್ನುತ್ತೆ ಅಂತ ದೊಡ್ಡ ಗಲಾಟೆಯಾಗಿ ತಜ್ಞರ ಸಮಿತಿ ಕೂತು ನೋಡಬೇಕಾಯಿತು. ಮಳೆಗಾಲದಲ್ಲಿ ಬೆಂಗಳೂರಿನ ಸುತ್ತ ಪಾರ್ಥೇನಿಯಂ ಎಲೆ ಮೇಲೆ ಬೆಳ್ಳಗೆ, ಕಂದು ಗೆರೆಯ ದುಂಬಿ ಕಂಡರೆ ಅದೇ ಇದು.

ಮಿಷಿಗನ್ ಕನ್ನಡತಿ:
ಇಲ್ಲಿಯವರೆಗೆ ಬಂದಿದ್ದರ ಬಗ್ಗೆ ಬರೆದಿದ್ದೀರಿ. ಹೋಗಿದ್ದರ ಬಗ್ಗೆ ನಾನು ಬರೆಯುತ್ತೇನೆ. ನಾನು ಇಲ್ಲಿ ಓದುತ್ತಿರುವ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳ ಉದ್ದುದ್ದ ಸಾಲುಗಳಿವೆ. 60, 70ರ ದಶಕದವೇ ಜಾಸ್ತಿ. ಇವು ಇಲ್ಲಿಗೆ ಬಂದಿದ್ದು ಆ ಗೋಧಿಯ ದುಡ್ಡಿನಲ್ಲಿ.

ಹೇಗೆಂದರೆ, ಮೇಷ್ಟ್ರು ಹೇಳಿದ ರೂಪಾಯಿ ರಾಶಿಯನ್ನು ಭಾರತದಲ್ಲೇ ಖರ್ಚು ಮಾಡಬೇಕಿತ್ತು. 1958ರಲ್ಲಿ ಕಾನೂನಿಗೆ ಒಂದು ತಿದ್ದುಪಡಿ ಬಂತು, ಆ ದುಡ್ಡಿನಲ್ಲಿ ಅಮೆರಿಕದ ಗ್ರಂಥಾಲಯಗಳಿಗೆ ಪುಸ್ತಕ ಕೊಳ್ಳಬಹುದು ಅಂತ. ಮಿಷಿಗನ್‌ನಿಂದ ಗೆದ್ದಿದ್ದ ಸಂಸದ ಜಾನ್ ಡಿಂಗೆಲ್ ತಂದಿದ್ದು. 1962ರಲ್ಲಿ ಅಮೆರಿಕದ ಸಂಸತ್ತಿನ ಗ್ರಂಥಾಲಯ, ಅಂದರೆ ಲೈಬ್ರರಿ ಆಫ್ ಕಾಂಗ್ರೆಸ್, ದೆಹಲಿಯಲ್ಲಿ ಒಂದು ಕಚೇರಿ ತೆರೆಯಿತು. ಕನ್ನಡ, ತಮಿಳು, ಬಂಗಾಳಿ, ಮರಾಠಿ ಹೀಗೆ ಎಲ್ಲ ಭಾಷೆಯ ಪುಸ್ತಕಗಳನ್ನೂ ಹಲವು ಪ್ರತಿ ಕೊಂಡು ಶಿಕಾಗೊ, ಬರ್ಕ್ಲಿ, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ, ಮಿಷಿಗನ್ ಮೊದಲಾದ ಕಡೆಗೆ ಕಳಿಸುತ್ತಿತ್ತು. 1951ರ ಗೋಧಿ ಸಾಲದ ಬಡ್ಡಿಯಲ್ಲೂ ಒಂದು ಪಾಲು ಪುಸ್ತಕ ಮತ್ತು ವಿದ್ವಾಂಸರ ವಿನಿಮಯಕ್ಕೆ ಹೋಗಿತ್ತು.

ದೊಡ್ಡ ಸಾಹಿತಿಗಳನ್ನು ಮಾತ್ರ ಆರಿಸಿ ಕೊಂಡಿದ್ದರೆ ಇಷ್ಟು ಬೆಲೆ ಇರುತ್ತಿರಲಿಲ್ಲ. ಸಣ್ಣ ಊರಿನ ಪ್ರಕಾಶಕರ ನಾಟಕ, ಪತ್ತೇದಾರಿ ಕಾದಂಬರಿ, ಮಠದ ಪುಸ್ತಿಕೆ, ಸಹಕಾರ ಸಂಘದ ನೆನಪಿನ ಸಂಚಿಕೆ, ಎಲ್ಲವೂ ಇವೆ. ಊರಲ್ಲಿ ಇಂಥವನ್ನು ಯಾರು ಎತ್ತಿಡುತ್ತಾರೆ? ಒಂದು ಜಿಲ್ಲೆಯ ಗ್ರಂಥಾಲಯದಲ್ಲಿ ಇದೇ ಕಾಲದ ಪುಸ್ತಕಗಳನ್ನು ಗೆದ್ದಲು ತಿಂದು ಮೂಟೆಗಟ್ಟಲೆ ಹೊರಗೆ ಹಾಕಿದ್ದನ್ನು ನಾನೇ ನೋಡಿದ್ದೇನೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ಅಮೆರಿಕಕ್ಕೆ ಇದು ಕನ್ನಡದ ಮೇಲಿನ ಪ್ರೀತಿಯಿಂದ ಬೇಕಾಗಿರಲಿಲ್ಲ. ಶೀತಲ ಸಮರದ ಕಾಲ, ಏಷ್ಯಾದ ದೇಶಗಳನ್ನು ಅರಿಯುವವರು ಬೇಕಿತ್ತು. 1958ರಲ್ಲೇ ಭಾಷೆ ಕಲಿಸಲು ಅಂತ ಬೇರೆ ಕಾನೂನು ಮಾಡಿ ದುಡ್ಡು ಕೊಟ್ಟರು. ಆದರೆ ಆ ದುಡ್ಡು ಬಂದು ಸೇರಿದ ಜಾಗದಲ್ಲಿ ಎ.ಕೆ. ರಾಮಾನುಜನ್ ಇದ್ದರು. 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಇಂಡಿಯಾನಾಕ್ಕೆ ಬಂದವರು, ಆಮೇಲೆ ಶಿಕಾಗೊದಲ್ಲಿ ಮೂರು ದಶಕ ಕಲಿಸಿದರು. ವಚನಗಳನ್ನು ಜಗತ್ತು ಓದಿದ್ದು ಅವರ ಅನುವಾದದಲ್ಲಿ. ಸರ್ಕಾರದ ಉದ್ದೇಶ ಒಂದು, ಒಬ್ಬ ಕವಿ ಅದರಿಂದ ತೆಗೆದದ್ದು ಇನ್ನೊಂದು. ಎರಡು ದೇಶಗಳ ಸಂಬಂಧ ಅಂದರೆ ಸಹಿ ಹಾಕಿದ ಕಾಗದದಲ್ಲಿ ಇರುವಷ್ಟೇ ಅಲ್ಲ ಅಂತ ನಾನು ನಂಬುವುದು ಇದಕ್ಕೇ.

ರಾಗಿಮುದ್ದೆ:
ತಂಗಿ, ಚೆನ್ನಾಗಿ ಬರೆದಿದ್ದೀಯ. ಆದರೂ ನನ್ನ ಮಾತು ಬಿಡಲ್ಲ. ಈ ಎಲ್ಲ ಒಳ್ಳೆಯದೂ ನಮ್ಮ ಜನ ರೇಷನ್ ಸಾಲಿನಲ್ಲಿ ನಿಂತ ದುಡ್ಡಿನಿಂದ ಆಗಿದ್ದು. 2025ರಲ್ಲಿ ಸುಂಕ ಹಾಕಿ ಬಗ್ಗಿಸಲು ನೋಡಿದ್ದು, 1966ರಲ್ಲಿ ಹಡಗು ತಡೆದು ಬಗ್ಗಿಸಲು ನೋಡಿದ್ದು, ಎರಡರ ಹಿಂದೆಯೂ ಒಂದೇ ಬುದ್ಧಿ.

ನಿವೃತ್ತಮೇಷ್ಟ್ರು:
ಬುದ್ಧಿ ಒಂದೇ ಇರಬಹುದು. ನಾವು ಒಂದೇ ಅಲ್ಲ. 1966ರಲ್ಲಿ ಉಗ್ರಾಣ ಖಾಲಿ ಇತ್ತು. 2025ರಲ್ಲಿ ಅಕ್ಕಿ, ಗೋಧಿ ತುಂಬಿತ್ತು. ಸುಂಕದಿಂದ ತಿರುಪ್ಪೂರಿನ ಬಟ್ಟೆ, ಆಂಧ್ರದ ಸಿಗಡಿ, ಸೂರತ್ತಿನ ವಜ್ರದ ಕೆಲಸದವರಿಗೆ ಪೆಟ್ಟು ಬಿತ್ತು, ಅದು ಸಣ್ಣದಲ್ಲ. ಆದರೆ ಯಾರ ಮನೆಯ ಊಟವೂ ವಾಷಿಂಗ್ಟನ್ನಿನ ಸಹಿಗೆ ಕಾಯಲಿಲ್ಲ. ಬಯಲುಸೀಮೆ ಅವರೇ, ನಿಮ್ಮ ಮೆಕ್ಕೆಜೋಳದ ಮಾತುಕತೆಯಲ್ಲಿ ಆಗಲ್ಲ ಅಂತ ಕೂತು ವಾದ ಮಾಡುವ ಶಕ್ತಿ ದೆಹಲಿಗೆ ಬಂದಿದ್ದು ಆ ತುಂಬಿದ ಉಗ್ರಾಣದಿಂದ.

ಬಯಲುಸೀಮೆ:
ಒಪ್ಪಿದೆ ಮೇಷ್ಟ್ರೇ. ಆದರೆ ಪೆಟ್ರೋಲಿಗೆ ಬೆರೆಸುವ ಎಥನಾಲ್ ಹೆಸರಿನಲ್ಲಿ ಹೊರಗಿನ ಮೆಕ್ಕೆಜೋಳ ಬಂದರೆ ನಮ್ಮ ಮಾರುಕಟ್ಟೆಯಲ್ಲಿ ಬೆಲೆ ಏನಾಗುತ್ತೆ ಅನ್ನುವ ಭಯ ಹೋಗಿಲ್ಲ. ಹಾವೇರಿ, ಗದಗ, ದಾವಣಗೆರೆ ಕಡೆ ಆ ವರ್ಷ ಮೆಕ್ಕೆಜೋಳದ ಬೆಲೆಗಾಗಿ ರೈತರು ರಸ್ತೆಗೆ ಇಳಿದಿದ್ದರು. ಉಗ್ರಾಣ ತುಂಬಿಸಿದವನಿಗೆ ಬೆಲೆ ಸಿಗದಿದ್ದರೆ ಮುಂದಿನ ವರ್ಷ ಯಾರು ತುಂಬಿಸುತ್ತಾರೆ?

ಪುಸ್ತಕಹುಳು:
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಮಿಷಿಗನ್‌ನ ಅಕ್ಕನಿಗೆ ಒಂದು ಪ್ರಶ್ನೆ. ನಮ್ಮ ಅಜ್ಜ 1960ರ ದಶಕದಲ್ಲಿ ಕೆಲವು ಕಾದಂಬರಿ ಬರೆದಿದ್ದರು. ಮನೆಯಲ್ಲಿ ಒಂದೂ ಉಳಿದಿಲ್ಲ. ಆ ಗ್ರಂಥಾಲಯಗಳಲ್ಲಿ ಇವೆಯಾ ಅಂತ ಇಲ್ಲಿಂದಲೇ ನೋಡುವುದು ಹೇಗೆ? ಕನ್ನಡದಲ್ಲಿ ಹೆಸರು ಹಾಕಿ ಹುಡುಕಿದೆ, ಏನೂ ಬರಲಿಲ್ಲ.

ಮಿಷಿಗನ್ ಕನ್ನಡತಿ:
ಕನ್ನಡದಲ್ಲಿ ಹುಡುಕಿದರೆ ಬರಲ್ಲ ತಮ್ಮಾ. ಆ ಕಾಲದ ದಾಖಲೆಗಳೆಲ್ಲ ಇಂಗ್ಲಿಷ್ ಲಿಪಿಯಲ್ಲಿವೆ, ಅದೂ ಅವರದೇ ಆದ ನಿಯಮದಲ್ಲಿ. ದೀರ್ಘ ಸ್ವರಕ್ಕೆ ಅಕ್ಷರ ಎರಡು ಸಲ ಹಾಕಬೇಡಿ, ಒಂದೇ ಸಾಕು. ಅದೇ ಅಕ್ಷರದ ಒತ್ತು ಇದ್ದರೆ ಮಾತ್ರ ಎರಡು. "ಚಂದ್ರ" ಅನ್ನುವಾಗ ಶುರುವಿನಲ್ಲಿ ಸಿ ಮಾತ್ರ, ಪಕ್ಕದಲ್ಲಿ ಎಚ್ ಬೇಡ. ಮೊದಲು ಲೇಖಕರ ಹೆಸರಿನಿಂದ ನೋಡಿ, ಸಿಗದಿದ್ದರೆ ಕಾದಂಬರಿಯ ಹೆಸರಿನಿಂದ. ಲೈಬ್ರರಿ ಆಫ್ ಕಾಂಗ್ರೆಸ್ ಮತ್ತು ಶಿಕಾಗೊದ ಪಟ್ಟಿ ಎರಡನ್ನೂ ನೋಡಿ, ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇರುತ್ತೆ.

ಹಾತಿಟ್ರಸ್ಟ್ ಅನ್ನುವ ಡಿಜಿಟಲ್ ಸಂಗ್ರಹವನ್ನೂ ನೋಡಿ. ಅಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳಿವೆ, ಆದರೆ ಹಕ್ಕು ಇರುವುದರಿಂದ ಒಳಗೆ ಓದಲು ಬಿಡಲ್ಲ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತೆ. ಹಕ್ಕು ನಿಮ್ಮ ಮನೆಯವರದೇ ಆದರೆ, ಎಲ್ಲರೂ ಓದಲಿ ಅಂತ ಅನುಮತಿ ಪತ್ರ ತುಂಬಿ ಕಳಿಸಬಹುದು, ಅವರು ಪುಸ್ತಕ ತೆರೆಯುತ್ತಾರೆ. ಪ್ರಕಾಶಕರಿಗೆ ಹಕ್ಕು ಮಾರಿದ್ದರಾ ಅಂತ ಮೊದಲು ಮನೆಯಲ್ಲಿ ವಿಚಾರಿಸಿ.

ಪುಸ್ತಕಹುಳು:
ಎರಡು ಸಿಕ್ಕವು ಅಕ್ಕಾ! ಎಚ್ ತೆಗೆದ ಕೂಡಲೇ ಬಂತು. ಅಜ್ಜನಿಗೆ ಮೂವರು ಮಕ್ಕಳು, ಒಬ್ಬರು ದೂರದಲ್ಲಿದ್ದಾರೆ. ಅನುಮತಿ ಪತ್ರಕ್ಕೆ ಮೂವರ ಸಹಿಯೂ ಬೇಕಾ?

ಮಿಷಿಗನ್ ಕನ್ನಡತಿ:
ಮೂವರ ಒಪ್ಪಿಗೆಯೂ ಇರುವುದು ಒಳ್ಳೆಯದು. ದೂರದಲ್ಲಿರುವವರಿಂದ ಬರೆಸಿಕೊಂಡು ಜೊತೆಗಿಟ್ಟುಕೊಳ್ಳಿ. ಆ ಎರಡು ಪುಸ್ತಕದ ಹೆಸರು, ಪ್ರಕಾಶಕರು, ವರ್ಷ ಇಲ್ಲಿ ಹಾಕಿ. ನಮ್ಮ ಕಪಾಟಿನಲ್ಲೂ ಇವೆಯಾ ಅಂತ ನಾಳೆ ಹೋಗಿ ನೋಡುತ್ತೇನೆ.